ನಮ್ಮನೆ ಹಂಡೆಯೂ ನನ್ನ ಬರವಣಿಗೆಯೂ

ನಾನು ಬರೆಯಲು ಶುರು ಮಾಡಿದ್ದು 43ನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಬರೆದದ್ದೆಲ್ಲ ಬ್ಯಾಂಕಿನ ಕಾಗದಗಳು. 'ತಾವು ಪಡೆದಿರುವ ಸಾಲದ ಮೂರು ಕಂತುಗಳು ಬಾಕಿ ಇರುತ್ತವೆ' ಅನ್ನುವ ಥರದ್ದು. ಅದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿತ್ತು.

ಬರೆಯುವ ಹುಚ್ಚು ಹತ್ತಿಸಿದ್ದು ಒಂದು ಹಂಡೆ. ನಮ್ಮೂರು ತಿಪಟೂರಿನ ಹತ್ತಿರ. ಬಚ್ಚಲುಮನೆಯ ಒಲೆಯ ಮೇಲೆ ಒಂದು ದೊಡ್ಡ ತಾಮ್ರದ ಹಂಡೆ ಇತ್ತು. ಅಜ್ಜಿಯ ಮದುವೆಯಲ್ಲಿ ಬಂದದ್ದಂತೆ. ತೋಟದಿಂದ ಬಂದ ತೆಂಗಿನ ಮಟ್ಟೆ, ಒಣಗಿದ ಗರಿ, ಇವೇ ಅದಕ್ಕೆ ಉರಿ. ಮನೆಗೆ ಸೋಲಾರ್ ಹಾಕಿಸಿದ ವರ್ಷ ಅಮ್ಮ ಅದನ್ನು ಗುಜರಿಯವನಿಗೆ ಕೊಟ್ಟುಬಿಟ್ಟಳು. ಹಬ್ಬಕ್ಕೆಂದು ನಾನು ಬೆಂಗಳೂರಿನಿಂದ ಹೋದಾಗ ಹಂಡೆ ಇರಲಿಲ್ಲ. ಗೋಡೆಯ ಮೇಲೆ ದುಂಡಗೆ ಮಸಿಯ ಗುರುತು ಮಾತ್ರ ಉಳಿದಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಕಣ್ಣೀರು ಬಂತು. ಪಕ್ಕದ ಸೀಟಿನವರು ಯಾರೋ ಹೋಗಿಬಿಟ್ಟಿದ್ದಾರೆ ಅಂದುಕೊಂಡು ನೀರಿನ ಬಾಟಲಿ ಕೊಟ್ಟರು.

ಆ ರಾತ್ರಿಯೇ ಕವನ ಬರೆದೆ. 28 ಸಾಲು. 'ಓ ತಾಮ್ರದ ಹಂಡೆಯೇ' ಅಂತ ಶುರು. ನಡುವೆ ನಾಲ್ಕು ಸಲ 'ಓ' ಬರುತ್ತದೆ. ನೆನಪಿನಂಗಳ, ಮೌನದ ಮಾತು, ಎದೆಯಾಳದ ನೋವು, ಏನುಂಟು ಏನಿಲ್ಲ!

ನಮ್ಮ ಬೀದಿಯಲ್ಲಿ ರಿಟೈರ್ ಆದ ಒಬ್ಬ ಕನ್ನಡ ಮೇಷ್ಟ್ರಿದ್ದಾರೆ. ಭಾನುವಾರ ಸಂಜೆ ಅವರ ಜಗುಲಿಯಲ್ಲಿ ಮೂರ್ನಾಲ್ಕು ಜನ ಸೇರಿ ಏನಾದರೂ ಓದುತ್ತೇವೆ. ಕವನ ಕೊಟ್ಟೆ. ಕನ್ನಡಕ ಹಣೆಗೇರಿಸಿ ಓದಿದರು. ಆಮೇಲೆ ಕೇಳಿದರು.

"ಇದರಲ್ಲಿ ಹಂಡೆ ಎಲ್ಲಿದೆಯಮ್ಮ?"

"ಪೂರ್ತಿ ಹಂಡೆ ಮೇಲೇ ಬರೆದಿದೀನಲ್ಲ ಸಾರ್?"

"ಹಂಡೆ ಜಾಗದಲ್ಲಿ ಬೀಸೋಕಲ್ಲು ಅಂತ ಹಾಕು. ಒಂದಕ್ಷರ ಬದಲಾಯಿಸಬೇಕಾಗಿಲ್ಲ. ಅದು ಎಷ್ಟು ತೂಕ ಇತ್ತು? ಯಾವುದರಲ್ಲಿ ತಿಕ್ತಿದ್ರು? ಎಷ್ಟು ಹೊತ್ತಿಗೆ ಉರಿ ಹಾಕ್ತಿದ್ರು?"

ತಿಕ್ಕುತ್ತಿದ್ದದ್ದು ಹುಣಸೆಹಣ್ಣಿನಲ್ಲಿ. ಅಷ್ಟು ಗೊತ್ತಿತ್ತು. ಉಳಿದ ಎರಡಕ್ಕೆ ಉತ್ತರ ಇರಲಿಲ್ಲ.

"ಒಂದು ಕೆಲಸ ಮಾಡು. ಇದನ್ನೇ ಭಾಮಿನಿ ಷಟ್ಪದಿಯಲ್ಲಿ ಬರೆದುಕೊಂಡು ಬಾ. ಒಂದೇ ಒಂದು ಪದ್ಯ ಸಾಕು. ಅದರಲ್ಲಿ 'ಓ' ಅನ್ನೋಕೆ ಜಾಗ ಇರಲ್ಲ" ಅಂದರು.

ಇದೇನು ಶಿಕ್ಷೆಯೋ ಅನ್ನಿಸಿತು. ಹೈಸ್ಕೂಲಿನಲ್ಲಿ ಛಂದಸ್ಸು ಅಂದರೆ ನಾಲ್ಕು ಅಂಕದ ಪ್ರಶ್ನೆ. 'ಯಮಾತಾರಾಜಭಾನಸಲಗಂ' ಇವತ್ತಿಗೂ ಬಾಯಲ್ಲಿದೆ. ಆದರೆ ಅದು ಅಕ್ಷರಗಣದ ಲೆಕ್ಕ, ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಭಾಮಿನಿಯದು ಮಾತ್ರೆಯ ಲೆಕ್ಕ, ಅಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಲೆಕ್ಕ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘಕ್ಕೆ, ಸೊನ್ನೆ ಇರುವುದಕ್ಕೆ, ಒತ್ತಕ್ಷರದ ಹಿಂದಿನದಕ್ಕೆ ಎರಡು, ಅದು ಗುರು. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ಮೂರು-ನಾಲ್ಕು-ಮೂರು-ನಾಲ್ಕು, ಒಟ್ಟು 14. ಮೂರನೇ ಮತ್ತು ಆರನೇ ಸಾಲಿನಲ್ಲಿ ಅದೇ ಮೂರು-ನಾಲ್ಕು ಮೂರು ಸಲ, ಕೊನೆಗೊಂದು ಗುರು, ಒಟ್ಟು 23. ಆರೂ ಸಾಲು ಕೂಡಿದರೆ 102 ಮಾತ್ರೆ. ಬ್ಯಾಂಕಿನವಳಿಗೆ ಲೆಕ್ಕ ಕಷ್ಟವಲ್ಲ. ಕಷ್ಟ ಇರುವುದು ಪ್ರಾಸದಲ್ಲಿ. ಆರೂ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ನನ್ನ ಮೊದಲ ಪದ 'ಹಂಡೆ' ಆದ್ದರಿಂದ ಎಲ್ಲ ಸಾಲೂ ಸೊನ್ನೆ ಮತ್ತು ಡಕಾರ ಹಿಡಿದೇ ಹೊರಡಬೇಕು.

ಲೆಡ್ಜರ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಪದಗಳ ಪಟ್ಟಿ ಮಾಡಿದೆ. ಬಂಡಿ, ಗಂಡ, ದಂಡ, ಮೊಂಡ, ಚೆಂಡು, ಉಂಡೆ. ಊಟದ ಬಿಡುವಿನಲ್ಲೂ ಅದೇ ಧ್ಯಾನ. ಮೂರನೇ ದಿನ 'ಕೆಂಡ' ಸಿಕ್ಕಿತು. ಹಿಂದೆಯೇ 'ಮಂಡೆ' ಬಂತು. ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ಒಲೆಯೊಳಗಿನ ಕೆಂಡ ನನಗೆ ನೆನಪೇ ಆಗಿರಲಿಲ್ಲ. ಮಂಡೆ ಅಂದ ತಕ್ಷಣ ಅಜ್ಜಿ ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದದ್ದು, ಅದು ಕಣ್ಣಿಗೆ ಇಳಿದು ಉರಿಯುತ್ತಿದ್ದದ್ದು ಎಲ್ಲ ಎದ್ದು ಬಂತು. 28 ಸಾಲು ಅತ್ತು ಕರೆದರೂ ಬಾರದ ಅಜ್ಜಿ, ಒಂದು ಪ್ರಾಸ ಹುಡುಕುವಾಗ ಬಂದಳು.

ಮೊದಲ ಮೂರು ಸಾಲು ಹೀಗಾಯಿತು:

ಹಂಡೆಯೊಳಗಣ ನೀರು ಕಾದುದು
ಕೆಂಡ ಮಿನುಗುವ ಒಲೆಯ ಬದಿಯಲಿ
ಮಂಡೆಗೆಣ್ಣೆಯ ಹಚ್ಚಿ ಮಕ್ಕಳ ಕೂಗಿ ಕರೆವಳು ತಾ

ಮೇಷ್ಟ್ರು ಪೆನ್ಸಿಲ್ ತೆಗೆದುಕೊಂಡು ಪ್ರಸ್ತಾರ ಹಾಕಿದರು. ಲಘುವಿಗೆ ಬಟ್ಟಲಿನಂಥ ಗುರುತು, ಗುರುವಿಗೆ ಅಡ್ಡಗೆರೆ. ಲೆಕ್ಕ ಸರಿಯಾಗಿತ್ತು. ಆದರೆ ಎರಡನೇ ಸಾಲಿನಲ್ಲಿ ಪೆನ್ಸಿಲ್ ನಿಂತಿತು. "ಮಿನುಗುವ, ಒಲೆಯ. ಇಲ್ಲಿ ಸಂಧಿ ಆಗಬೇಕಿತ್ತು. ಮಿನುಗುವೊಲೆಯ ಅಂದರೆ ಮಾತ್ರೆ ಕೆಡುತ್ತೆ, ಹಾಗಂತ ನೀನು ಬಿಟ್ಟಿದೀಯ. ಹಳಬರು ಇದನ್ನ ಒಪ್ತಿರಲಿಲ್ಲ." ಅಲ್ಲೇ ಕೂತು 'ಕೆಂಡ ಮಿನುಗಿರೆ ಬೂದಿಯೊಳಗಡೆ' ಅಂತ ತಿದ್ದಿದೆ. ತಿದ್ದಿದ ಮೇಲೆ ನೋಡಿದರೆ ಒಲೆ ಹೋಗಿ ಬೂದಿ ಬಂದಿದೆ! ಬೂದಿಯ ಅಡಿಯಲ್ಲೇ ಅಲ್ವಾ ಕೆಂಡ ಇರೋದು. ಮೊದಲಿಗಿಂತ ಇದೇ ನಿಜ.

"ಈ ಕೊನೆಯ 'ತಾ' ಯಾಕೆ?"

"ಒಂದು ಗುರು ಕಡಿಮೆ ಬಿದ್ದಿತ್ತು ಸಾರ್."

ಮೇಷ್ಟ್ರು ಜೋರಾಗಿ ನಕ್ಕರು. ಆಮೇಲೆ ಕುಮಾರವ್ಯಾಸನ ನಾಲ್ಕು ಪದ್ಯ ರಾಗವಾಗಿ ಓದಿದರು. ಹತ್ತು ಪರ್ವ ಪೂರ್ತಿ ಇದೇ ಭಾಮಿನಿಯಲ್ಲಿ ಹರಿಸಿದ ಮನುಷ್ಯ. ನನಗೆ ಒಂದು ಪದ್ಯಕ್ಕೆ ಹನ್ನೊಂದು ದಿನ ಹಿಡಿದಿತ್ತು. ಉಳಿದ ಮೂರು ಸಾಲು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಎರಡು ಕಡೆ 'ತಾ' ಇದೆ.

ನಡುವೆ ಒಂದೆರಡು ಸಣ್ಣ ಸಾಹಸ ಆಯಿತು. ದಿನಕರ ದೇಸಾಯಿಯವರ ಚೌಪದಿಗಳನ್ನು ಓದಿ ಚುಟುಕ ಬರೆಯಲು ಕೂತೆ. ನಾಲ್ಕೇ ಸಾಲು, ಅಂತ್ಯಪ್ರಾಸ, ಸುಲಭ ಅಂದುಕೊಂಡಿದ್ದೆ. ಕೊನೆಯ ಸಾಲಿನಲ್ಲಿ ಚುಚ್ಚಬೇಕು. ನನ್ನದು ಬರೀ ಸವರಿಕೊಂಡು ಹೋಗುತ್ತಿತ್ತು. ಸುನೀತಕ್ಕೂ, ಅಂದರೆ 14 ಸಾಲಿನ ಸಾನೆಟ್‌ಗೂ, ಕೈ ಹಾಕಿದೆ, 9 ಸಾಲಿಗೆ ಮಾತು ಮುಗಿಯಿತು. ಇನ್ನು ವಚನ. ಗದ್ಯವನ್ನು ತುಂಡು ತುಂಡು ಮಾಡಿ ಕೊನೆಗೆ 'ತಿಪಟೂರ ತಾಮ್ರೇಶ್ವರಾ' ಅಂತ ಅಂಕಿತ ಹಾಕಿದ್ದೆ. ಮೇಷ್ಟ್ರು ನಗಲಿಲ್ಲ ಈ ಸಲ. "ಬಸವಣ್ಣ ಕೂಡಲಸಂಗಮದೇವ ಅಂದಾಗ ಎದುರಿಗೆ ಯಾರೋ ಇದ್ದಾರಮ್ಮ. ಅವನ ಹತ್ತಿರ ಜಗಳ ಆಡ್ತಾನೆ, ಬೇಡ್ತಾನೆ. ನಿನ್ನ ತಾಮ್ರೇಶ್ವರನ ಹತ್ತಿರ ನಿನಗೇನು ಕೆಲಸ?" ಅಂದರು. ಆ ಹಾಳೆ ಹರಿದು ಹಾಕಿದೆ.

ಕತೆಗೆ ಬಂದಾಗ ಮಾತ್ರ ಸಿಕ್ಕಿಹಾಕಿಕೊಂಡೆ. ಸುಮಾರು ಐದು ತಿಂಗಳು.

ಮೊದಲ ಕರಡು ಶುರುವಾದದ್ದು ಹೀಗೆ: 'ನಮ್ಮ ಮನೆಯಲ್ಲಿ ಒಂದು ಹಂಡೆ ಇತ್ತು. ಅದು ನಮ್ಮ ಅಜ್ಜಿಯ ಕಾಲದ್ದು.' ಅಲ್ಲಿಂದ ಅಜ್ಜಿಯ ಮದುವೆ, ತೋಟದ ಪಾಲು, ಅಪ್ಪನ ನೌಕರಿ, ಸೋಲಾರ್ ಕಂಪನಿಯವರು ಬಂದದ್ದು, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿದ್ದೆ. ಮೇಷ್ಟ್ರು ಎಂಟು ಪುಟ ಓದಿ "ಇದು ಪಾಸ್‌ಬುಕ್ ಎಂಟ್ರಿ ಆಯ್ತಲ್ಲಮ್ಮ" ಅಂದರು. "ಈ ದಿನ ಇಷ್ಟು ಬಂತು, ಆ ದಿನ ಅಷ್ಟು ಹೋಯ್ತು. ಯಾರಿಗೆ ಏನು ಬೇಕು ಇದರಲ್ಲಿ?"

ಮಾಸ್ತಿಯವರ ಒಂದಷ್ಟು ಕತೆ ಕೊಟ್ಟು ಓದಲು ಹೇಳಿದರು. ಸುಮ್ನೆ ಓದಬೇಡ, ಯಾರು ಹೇಳ್ತಾ ಇದಾರೆ, ಯಾರಿಗೆ ಹೇಳ್ತಾ ಇದಾರೆ ನೋಡು ಅಂದರು. ನೋಡಿದೆ. ಎಷ್ಟೋ ಕತೆಗಳಲ್ಲಿ ಯಾರೋ ಒಬ್ಬರು ಕೂತು ನಿಧಾನವಾಗಿ ಹೇಳುತ್ತಿರುತ್ತಾರೆ, ತಾವು ಕೇಳಿದ್ದನ್ನು, ಕಂಡದ್ದನ್ನು. ಅವರಿಗೆ ಗೊತ್ತಿಲ್ಲದ್ದು ಕತೆಯಲ್ಲೂ ಗೊತ್ತಾಗುವುದಿಲ್ಲ. ನನ್ನ ಕರಡಿನಲ್ಲಿ ಎಲ್ಲರ ಮನಸ್ಸಿನ ಒಳಗೂ ನಾನೇ ಓಡಾಡಿಕೊಂಡಿದ್ದೆ. ಒಂದು ವಾಕ್ಯದಲ್ಲಿ ಅಮ್ಮನಿಗೆ ದುಃಖ, ಮುಂದಿನದರಲ್ಲಿ ಗುಜರಿಯವನಿಗೆ ಆಸೆ, ಅದರ ಮುಂದೆ ಹಂಡೆಗೂ ಬೇಜಾರು.

ಎರಡನೇ ಕರಡನ್ನು ಅಮ್ಮನ ಕಡೆಯಿಂದ ಬರೆಯೋಣ ಅಂತ ಹೊರಟೆ. ಹಂಡೆ ಗಾಡಿಗೆ ಏರುತ್ತಿದೆ, ಅಮ್ಮ ಬಾಗಿಲಲ್ಲಿ ನಿಂತಿದ್ದಾಳೆ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ. ಇಷ್ಟು ಬರೆದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ಅವಳು ಒರೆಸಿಕೊಂಡಳಾ? ನಾನು ಅಲ್ಲಿ ಇರಲಿಲ್ಲವಲ್ಲ. ಫೋನ್ ಮಾಡಿದೆ.

"ಹಂಡೆ ಕೊಡುವಾಗ ನಿಂಗೆ ಏನನ್ನಿಸ್ತಮ್ಮ?"

"ಏನನ್ನಿಸ್ಬೇಕು? ಪೀಡೆ ತೊಲಗ್ತು ಅನ್ನಿಸ್ತು."

"ಹಂಗಂದ್ರೆ?"

"ನಲವತ್ತು ವರ್ಷ ಕಣೆ. ಬೆಳಿಗ್ಗೆ ಐದಕ್ಕೆ ಎದ್ದು ಊದ್ಬೇಕು. ಮಳೆಗಾಲದಲ್ಲಿ ಮಟ್ಟೆ ಒದ್ದೆ, ಹೊಗೆ ಬಿಟ್ರೆ ಉರಿ ಇಲ್ಲ. ನಿಮ್ಮಜ್ಜಿ ಕಣ್ಣು ಅದರಲ್ಲೇ ಹೋಯ್ತು, ನಂದೂ ಅರ್ಧ ಹೋಗಿತ್ತು. ಗುಜರಿಯವನ ಹತ್ರ ಕೆಜಿಗೆ ಹತ್ತು ರೂಪಾಯಿ ಜಾಸ್ತಿ ಜಗಳ ಆಡಿ ಇಸ್ಕೊಂಡೆ. ನಿಂಗ್ಯಾಕೆ ಈಗ ಅದು?" ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ನೀನು ಒಂದಿನಾನಾದ್ರೂ ಆ ಒಲೆ ಹಚ್ಚಿದ್ಯಾ?" ಅಂದಳು.

ಹಚ್ಚಿರಲಿಲ್ಲ. ನನಗೆ ಗೊತ್ತಿದ್ದದ್ದು ಬಿಸಿನೀರು ಮಾತ್ರ. ಎಬ್ಬಿಸುವ ಹೊತ್ತಿಗೆ ನೀರು ಕಾದಿರುತ್ತಿತ್ತು. ಮೇಷ್ಟ್ರು ಮೊದಲ ದಿನ ಕೇಳಿದ್ದ ಪ್ರಶ್ನೆಗೆ, ಎಷ್ಟು ಹೊತ್ತಿಗೆ ಉರಿ ಹಾಕುತ್ತಿದ್ದರು ಅನ್ನುವುದಕ್ಕೆ, ಉತ್ತರ ಸಿಕ್ಕಿತ್ತು.

ಎರಡು ವಾರ ಏನೂ ಬರೆಯಲಿಲ್ಲ. ನಾಚಿಕೆ ಆಗಿತ್ತು, ಅಷ್ಟೇ. ಆಮೇಲೆ ಗುಜರಿ ಹುಡುಗ ತೂಕ ಹಾಕುವ ಆ ಹದಿನೈದು ನಿಮಿಷವನ್ನಷ್ಟೇ ಇಟ್ಟುಕೊಂಡೆ. ಅಜ್ಜಿಯ ಮದುವೆ, ತೋಟದ ಪಾಲು ಎಲ್ಲ ಹೋಯಿತು. ಕತೆ ಈಗ ಶುರುವಾಗುವುದು 'ತಕ್ಕಡಿಯ ಕೊಕ್ಕೆಗೆ ಹಂಡೆಯ ಬಳೆ ಸಿಗುತ್ತಿರಲಿಲ್ಲ' ಅಂತ. ಅಮ್ಮ ಅಳುವುದಿಲ್ಲ, ಚೌಕಾಸಿ ಮಾಡುತ್ತಾಳೆ. ಮಗಳು ಫೋನಿನಲ್ಲಿ 'ಕೊಡಬೇಡ' ಅನ್ನುತ್ತಿದ್ದಾಳೆ. ಹುಡುಗ ಹಗ್ಗ ಹುಡುಕುತ್ತಾನೆ. ತೂಕ 14 ಕೆಜಿ. ಅಷ್ಟೇ ಕತೆ. ಮಗಳು ನಾನೇ ಅಂತ ಓದಿದ ಯಾರಿಗೂ ಹೇಳಬೇಕಾಗಲಿಲ್ಲ. ಫೋನಿನಲ್ಲಿ ನಾನು ಹಾಗೆ ಅಂದಿರಲೂ ಇಲ್ಲ, ಮೊದಲೇ ಗೊತ್ತಿದ್ದರೆ ಖಂಡಿತ ಅನ್ನುತ್ತಿದ್ದೆ. ಕತೆಯಲ್ಲಿ ಇಂಥ ಸುಳ್ಳಿಗೆ ಜಾಗ ಇದೆ ಅನ್ನುವುದು ನನಗೆ ತಡವಾಗಿ ಗೊತ್ತಾಯಿತು. ಬ್ಯಾಂಕಿನಲ್ಲಿ ಹೀಗೆ ಮಾಡಿದರೆ ಸಸ್ಪೆಂಡ್ ಆಗುತ್ತೇನೆ.

ಲಲಿತ ಪ್ರಬಂಧ ಮಾತ್ರ ನನಗೆ ಕುಣಿದುಕೊಂಡು ಬಂತು. ನನ್ನ ಸ್ವಭಾವಕ್ಕೆ ಅದೇ ಸರಿ ಅನ್ನಿಸುತ್ತದೆ. ಕತೆಯಲ್ಲಿ ಕಿತ್ತು ಹಾಕಿದ್ದನ್ನೆಲ್ಲ ಇಲ್ಲಿ ಹರವಬಹುದು. ನೀರು ತುಂಬುವ ಹಬ್ಬಕ್ಕೆ ಹಂಡೆ ತೊಳೆದು ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿಯುವುದು, ನೆಂಟರು ಬಂದಾಗ ಸ್ನಾನಕ್ಕೆ ಸರದಿ, ಮೊದಲು ಹೋದವರು ಬಿಸಿನೀರು ಖಾಲಿ ಮಾಡಿ ಬಂದು ಏನೂ ಗೊತ್ತಿಲ್ಲದವರ ಹಾಗೆ ಕಾಫಿ ಕೇಳುವುದು. ಮೋಡ ಕವಿದ ದಿನ ಸೋಲಾರ್ ಕೈಕೊಟ್ಟಾಗ ಇಡೀ ಮನೆ ಆಕಾಶ ನೋಡಿಕೊಂಡು ಟವೆಲ್ ಹೆಗಲಿಗೆ ಹಾಕಿ ನಿಲ್ಲುವುದು. ಗೊರೂರು, ಎ.ಎನ್. ಮೂರ್ತಿರಾವ್ ಅವರನ್ನು ಓದಿ ಬೆಳೆದ ಭಾಷೆಯಲ್ಲಿ ಹರಟೆಗೆ ಬರ ಇಲ್ಲ. ಆದರೆ ಮೇಷ್ಟ್ರು ಒಂದು ಎಚ್ಚರಿಕೆ ಕೊಟ್ಟಿದ್ದರು. ನಗುವುದಿದ್ದರೆ ಮೊದಲು ನಿನ್ನನ್ನೇ ನೋಡಿ ನಗು ಅಂತ. ಹಾಗಾಗಿ ಬಸ್ಸಿನಲ್ಲಿ ಅತ್ತ ಪ್ರಸಂಗವನ್ನೂ ನೀರಿನ ಬಾಟಲಿಯನ್ನೂ ಪೂರ್ತಿ ಬರೆದೆ. ಕವನದಲ್ಲಿ ಎದೆಯಾಳದ ನೋವಾಗಿದ್ದದ್ದು ಇಲ್ಲಿ ಎಲ್ಲರೂ ನಗುವ ಜಾಗ ಆಯಿತು.

ಅದು ಅಚ್ಚಾಯಿತು ಕೂಡ, ಒಂದು ಸಣ್ಣ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ. ನಾನು ಕೊಟ್ಟ ಹೆಸರು 'ಹಂಡೆ ಹೋದ ದಿನ'. ಅಚ್ಚಾದದ್ದು 'ಹೆಂಡ ಹೋದ ದಿನ'. ಬೆಳಿಗ್ಗೆ ಏಳಕ್ಕೇ ಚಿಕ್ಕಪ್ಪ ಫೋನ್ ಮಾಡಿ "ಏನಮ್ಮ ಇದು, ಮನೆತನದ ಮರ್ಯಾದೆ" ಅಂದರು. ಪುಟ ಸಾಲದೆಂದು ಕೊನೆಯ ಎರಡು ಪ್ಯಾರಾ ಬೇರೆ ಕತ್ತರಿಸಿದ್ದರು. ಕೋಪ ಬಂದಿತ್ತು. ಆಮೇಲೆ ಓದಿ ನೋಡಿದರೆ ಆ ಎರಡು ಪ್ಯಾರಾ ಇಲ್ಲದೆ ಪ್ರಬಂಧ ಚೆನ್ನಾಗಿಯೇ ಇತ್ತು. ಹೆಂಡದ ವಿಷಯ ಮಾತ್ರ ಇನ್ನೂ ಕ್ಷಮಿಸಿಲ್ಲ.

ಇನ್ನು ರೇಡಿಯೋ ನಾಟಕ. ಮೇಷ್ಟ್ರು ಓದಿದ್ದು ಮೈಸೂರಿನಲ್ಲಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಅಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ್ದು, 'ಆಕಾಶವಾಣಿ' ಅನ್ನುವ ಹೆಸರು ಅಲ್ಲಿಂದಲೇ ಬಂದದ್ದು, ಇದನ್ನು ಅವರು ವಾರಕ್ಕೊಮ್ಮೆಯಾದರೂ ಹೇಳುತ್ತಾರೆ. ಅವರ ಆಸೆಗೆಂದೇ ಕೈ ಹಾಕಿದೆ. ಕತೆ ಹೇಗೂ ಇದೆ, ಮಾತು ಸೇರಿಸಿದರೆ ನಾಟಕ ಅಂದುಕೊಂಡಿದ್ದೆ. ಮೊದಲ ಸೂಚನೆಯಲ್ಲೇ ಎಡವಿದೆ. 'ಬಚ್ಚಲುಮನೆ. ಗೋಡೆಯ ಮೇಲೆ ದುಂಡನೆಯ ಮಸಿ ಗುರುತು' ಅಂತ ಬರೆದಿದ್ದೆ.

"ರೇಡಿಯೋದಲ್ಲಿ ಮಸಿ ಹೇಗಮ್ಮ ಕಾಣುತ್ತೆ?"

ಹೌದಲ್ಲ! ಸರಿ, ಮಸಿಯನ್ನು ಮಾತಿಗೆ ತಂದೆ. ಅಮ್ಮ ಹೇಳುತ್ತಾಳೆ: 'ನೋಡು ಮಗಳೇ, ನಿನ್ನ ಅಜ್ಜಿಯ ಕಾಲದಿಂದ ಈ ಗೋಡೆಯ ಮೇಲೆ ಇರುವ ಮಸಿಯ ಗುರುತು ಎಷ್ಟು ಕಪ್ಪಾಗಿದೆ.' ಈ ಭೂಮಿಯ ಮೇಲೆ ಯಾವ ಅಮ್ಮ ಹೀಗೆ ಮಾತಾಡುತ್ತಾಳೆ? ಕೈಲಾಸಂ ನೂರು ವರ್ಷದ ಹಿಂದೆಯೇ ಮನೆಮಾತನ್ನು ರಂಗದ ಮೇಲೆ ತಂದು ಕೂರಿಸಿದ್ದರೂ ನನ್ನ ಪಾತ್ರಗಳು ಪಠ್ಯಪುಸ್ತಕ ಓದುತ್ತಿದ್ದವು.

ಒಂದು ಭಾನುವಾರ ಓದಲು ಕೂತಾಗ ಕರೆಂಟ್ ಹೋಯಿತು. ಮೊಬೈಲ್ ಬೆಳಕಿನಲ್ಲಿ ನಾನೊಬ್ಬಳೇ ಹಾಳೆ ನೋಡಿಕೊಂಡು ಎಲ್ಲ ಪಾತ್ರಗಳನ್ನೂ ಓದಿದೆ. ಉಳಿದವರು ಕತ್ತಲಲ್ಲಿ ಕೇಳುತ್ತಿದ್ದರು. ಅಡುಗೆಮನೆಯಿಂದ ಮೇಷ್ಟ್ರ ಮನೆಯವರು ಕೂಗಿದರು: "ಈಗ ಮಾತಾಡಿದ್ದು ಅಮ್ಮನೋ ಮಗಳೋ?" ಎರಡು ನಿಮಿಷ ಆದ ಮೇಲೆ ಮತ್ತೆ, "ಆ ಹುಡುಗ ಹೋದ್ನಾ, ಅಲ್ಲೇ ಇದಾನಾ?" ನನಗೆ ಬೇಕಾದ ಪಾಠ ಅಷ್ಟೂ ಆ ಎರಡು ಪ್ರಶ್ನೆಯಲ್ಲಿತ್ತು. ಮಾತಿನಿಂದಲೇ ಆಳು ಗೊತ್ತಾಗಬೇಕು. ಬಂದದ್ದು, ಹೋದದ್ದು ಕಿವಿಗೆ ಬೀಳಬೇಕು.

ಮನೆಗೆ ಬಂದು ಪಾತ್ರೆಗಳನ್ನು ಬಡಿದು ನೋಡಿದೆ. ತುಂಬಿದ ಕೊಡಕ್ಕೆ ತಟ್ಟಿದರೆ ಮೊಂಡು ಸದ್ದು, ಖಾಲಿಯಾದರೆ 'ಢಣ್' ಅಂತ ಎಳೆಯುತ್ತದೆ. ನಾಟಕದ ಮೊದಲಿಗೆ ಚೊಂಬಿನಿಂದ ಹಂಡೆಯ ಕೊನೆಯ ನೀರು ಗೋರುವ ಸದ್ದು ಇಟ್ಟೆ. ತಳಕ್ಕೆ ಚೊಂಬು ಕೆರೆಯುವ ಸದ್ದು. ಆಮೇಲೆ ನೆಲದ ಮೇಲೆ ಹಂಡೆ ಎಳೆಯುವುದು. ಅಮ್ಮನ ಮಾತು ಈಗ ಒಂದೇ: 'ಹುಷಾರು ಕಣಪ್ಪ, ಗೋಡೆಗೆ ಆನಿಸ್ಬೇಡ, ಕೈಯೆಲ್ಲ ಕಪ್ಪಾಗುತ್ತೆ.' ಮಸಿ ಬಂತಲ್ಲ, ಗೋಡೆಯೂ ಬಂತು. ಹುಡುಗನೂ ಅಲ್ಲೇ ಇದ್ದಾನೆ. ಈ ಒಂದು ಮಾತು ಸಿಗಲು ಏಳು ಕರಡು ಬೇಕಾಯಿತು.

ಈ ನಾಟಕವನ್ನು ಎಲ್ಲಿಗೂ ಕಳಿಸಿಲ್ಲ. ಕರೆಂಟ್ ಹೋದಾಗ ಜಗುಲಿಯಲ್ಲಿ ಓದುತ್ತೇವೆ.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಬಚ್ಚಲುಮನೆಗೆ ಟೈಲ್ಸ್ ಹಾಕಿಸಿದ್ದಾರೆ, ಮಸಿಯ ಗುರುತೂ ಈಗ ಇಲ್ಲ. ರಾತ್ರಿ ಮತ್ತೆ ಕವನಕ್ಕೆ ಕೂತೆ. ಮಾತ್ರೆ ಎಣಿಸಲಿಲ್ಲ, ಪ್ರಾಸ ಹುಡುಕಲಿಲ್ಲ. ಆದರೂ ಕೈ ತಾನಾಗಿಯೇ ಪದಗಳನ್ನು ತೂಗಿ ನೋಡುತ್ತಿತ್ತು. ಹನ್ನೆರಡು ಸಾಲು ಬಂತು, ಐದಕ್ಕೆ ಇಳಿಸಿದೆ.

ಕತ್ತಲಲ್ಲಿ
ಅಮ್ಮ ಊದುಗೊಳವೆ ಊದುತ್ತಾಳೆ
ನಾನು ಹೊದ್ದು ಮಲಗಿದ್ದೇನೆ
ಬಿಸಿನೀರು
ತಾನಾಗಿ ಬರುತ್ತದೆ ಅಂದುಕೊಂಡು

ಬೆಳಿಗ್ಗೆ ಅಮ್ಮನಿಗೆ ಓದಿ ಹೇಳಿದೆ. ಅವರೆಕಾಯಿ ಸುಲಿಯುತ್ತ ಕೇಳಿಸಿಕೊಂಡಳು. "ಇಷ್ಟೇನಾ?" ಅಂದಳು. ಹೂಂ ಅಂದೆ. ಜೊತೆಗೆ ತಂದಿದ್ದೆನಲ್ಲ ಅಂತ ಕತೆಯನ್ನೂ ಓದಿದೆ. ತಕ್ಕಡಿಯ ಜಾಗಕ್ಕೆ ಬಂದಾಗ ಅವಳ ಕೈ ನಿಂತಿತು.

"14 ಕೆಜಿ ಅಂತ ಯಾರೇ ಹೇಳಿದ್ದು ನಿಂಗೆ?"

"ಸುಮ್ನೆ ಅಂದಾಜಿಗೆ ಬರೆದೆ."

"ಹದಿನಾರೂವರೆ ಇತ್ತು ಕಣೆ. ಅವನು ಹದಿನೈದೇ ಅಂದ. ನಾನು ಪಕ್ಕದ ಮನೆಯಿಂದ ಬೇರೆ ತಕ್ಕಡಿ ತರಿಸಿ ಇನ್ನೊಂದ್ಸಲ ತೂಗಿಸ್ದೆ. ಅದನ್ನ ಬರಿ."